ಮನೆ ನೋಡಲು ಬಂದವರು

ಮನೆ ನೋಡಲು ಬಂದವರು ನಮ್ಮ ಮನೆಗಿಂತ ಮೊದಲು ಪಕ್ಕದ ಮನೆಯನ್ನು ನೋಡುತ್ತಿದ್ದರು. ತೊಡಕು ಅಲ್ಲಿಂದಲೇ ಶುರುವಾಗುತ್ತಿತ್ತು.

ಪಾಳ್ಯದ ಕಡೆಯ ಟಾರು ರಸ್ತೆ ಬಿಟ್ಟು, ಕೆರೆ ಏರಿ ದಾಟಿ, ಕಾಫಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಬಂದರೆ ಸಿಗುವುದು ಎರಡೇ ಮನೆ. ಮೊದಲನೆಯದಕ್ಕೆ ಬೀಗ. ಅಂಗಳದ ತುಂಬ ಸೊಂಟದೆತ್ತರ ಹುಲ್ಲು. ಅಡುಗೆಮನೆಯ ಗೋಡೆ ಹೊರಗಿನಿಂದ ಒಳಕ್ಕೆ ಬಿದ್ದಿತ್ತು. ಆ ಬಾಯಿಬಿಟ್ಟ ಜಾಗದಿಂದ ಒಳಗಿನ ಅಡುಗೆ ಕಟ್ಟೆ, ಮೊಳೆಗೆ ನೇತಾಡುವ ಕ್ಯಾಲೆಂಡರ್ ಎಲ್ಲ ದಾರಿಗೇ ಕಾಣುತ್ತಿದ್ದವು. ಕಾರುಗಳು ಅಲ್ಲಿ ನಿಧಾನ ಆಗುತ್ತಿದ್ದವು. ನಮ್ಮ ಜಗಲಿಯಲ್ಲಿ ಕೂತೇ ನಮಗೆ ಆ ಸದ್ದು ಗೊತ್ತಾಗುತ್ತಿತ್ತು. ಕೆಲವರು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿಕೊಂಡು ಹೋದರು. ಅತ್ತಿಗೆ ಒಳಗೆ ಹೋಗಿ, ಕಾಫಿಗೆ ಇಟ್ಟ ಹಾಲನ್ನು ಒಲೆಯಿಂದ ಇಳಿಸುತ್ತಿದ್ದರು.

ನಾನು ಆಲೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ನನ್ನ ಗಂಡ ನಮ್ಮ ಸಣ್ಣ ಕಾಫಿ ತೋಟ, ಅದರ ಕೆಳಗಿನ ಗದ್ದೆ ನೋಡಿಕೊಳ್ಳುತ್ತಾರೆ. ಅತ್ತಿಗೆ ಅಂದರೆ ಗಂಡನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಜೊತೆ ಉಳಿದವರು. ಮನೆ ಕಟ್ಟುವಾಗ ನಾನು ಶಾಲೆಯಲ್ಲಿರುತ್ತಿದ್ದೆ, ಗಂಡ ತೋಟದಲ್ಲಿರುತ್ತಿದ್ದರು. ಗಾರೆಯವರ ಎದುರು ಬಿಸಿಲಲ್ಲಿ ನಿಂತು, ಕಿಟಕಿ ಎಲ್ಲಿ ಬರಬೇಕು, ಹೊಗೆ ಎತ್ತ ಹೋಗಬೇಕು ಅಂತ ಹೇಳಿ ಮಾಡಿಸಿದವರು ಅತ್ತಿಗೆಯೇ. ಹಾಗಾಗಿ ಅದು ಅವರ ಮನೆ. ನಾವಿಬ್ಬರೂ ಹಾಗೇ ಅಂದುಕೊಂಡಿದ್ದೆವು.

ಬೀಗ ಬಿದ್ದ ಮನೆಯಲ್ಲಿದ್ದವರು ನನ್ನ ಗಂಡನ ಬಾಲ್ಯದ ಗೆಳೆಯ, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಗೆಳೆಯನಿಗೆ ಆನೆ ಹೊಸದಲ್ಲ. ನಮ್ಮ ಕಡೆ ಯಾರಿಗೂ ಹೊಸದಲ್ಲ. ಗದ್ದೆಗೆ ಇಳಿದರೆ ತಗಡು ಬಡಿಯುವುದು, ಕೂಗುವುದು, ಪಟಾಕಿ ಹೊಡೆಯುವುದು ಇದ್ದದ್ದೇ. ಅವರು ಎಷ್ಟೋ ಸಲ ಓಡಿಸಿದ್ದರು. ಕಾಫಿ ಕುಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಡೈರಿಗೆ ಹಾಲಿನ ಕ್ಯಾನು ಹಿಡಿದು ಹೊರಟವರಿಗೆ ದಾರಿಯಲ್ಲಿ ಒಂಟಿ ಸಲಗ ಕಂಡಿತು. ಯಾವತ್ತಿನ ಹಾಗೆ ಕೂಗಿದರು. ಆ ಕೂಗು ನಮಗೂ ಕೇಳಿಸಿತು. ಆಮೇಲೆ ನಾಯಿ ಬೊಗಳಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಮೊದಲು ಹೋದದ್ದು ನನ್ನ ಗಂಡ. ಅಲ್ಲಿ ಏನು ನೋಡಿದರು ಅನ್ನುವುದನ್ನು ಇವತ್ತಿನವರೆಗೂ ನನಗೆ ಹೇಳಿಲ್ಲ. ವಾಪಸು ಬಂದಾಗ ಕೈಯಲ್ಲಿ ಹಾಲಿನ ಕ್ಯಾನು ಇತ್ತು. ಮುಚ್ಚಳ ಸಮೇತ ನೆಟ್ಟಗೇ ಇತ್ತು. ಅದನ್ನು ಜಗಲಿಯ ಮೇಲಿಟ್ಟು, ಕೈ ತೊಳೆಯಲು ಬಚ್ಚಲಿಗೆ ಹೋದವರು ತುಂಬ ಹೊತ್ತು ಹೊರಗೆ ಬರಲಿಲ್ಲ.

ತಿಥಿ ಮುಗಿದ ಮೇಲೆ ಗೆಳೆಯನ ಹೆಂಡತಿಯ ಅಣ್ಣಂದಿರು ಬಂದು ತಂಗಿಯನ್ನೂ ಮಕ್ಕಳನ್ನೂ ಹಾಸನಕ್ಕೆ ಕರೆದುಕೊಂಡು ಹೋದರು. ಅವಸರದಲ್ಲಿ ಒಳಗೆ ಭತ್ತದ ಮೂಟೆ ಬಿಟ್ಟು ಹೋಗಿದ್ದರು. ಅದರ ವಾಸನೆ ಹಿಡಿದು ಬಂದ ಆನೆಯೇ ಆ ಗೋಡೆ ಕೆಡವಿದ್ದು.

ಅಲ್ಲಿಂದ ನಮ್ಮ ಮನೆಯಲ್ಲಿ ಒಂದೊಂದೇ ವಸ್ತು ಕಡಿಮೆಯಾಗುತ್ತ ಬಂತು. ಭತ್ತವನ್ನು ಆಲೂರಿನ ನೆಂಟರ ಮನೆಗೆ ಸಾಗಿಸಿ, ವಾರಕ್ಕೆ ಬೇಕಾದಷ್ಟು ಅಕ್ಕಿ ಮಾತ್ರ ನನ್ನ ಸ್ಕೂಟರಿನಲ್ಲಿ ತರುತ್ತಿದ್ದೆ. ಹಿತ್ತಲಿನ ಬಾಳೆ ಕಡಿಸಿದೆವು. ಆನೆ ಸಿಗಿದು ತಿನ್ನುವ ಬಗನಿ ಮರ ಕಡಿಸಿದೆವು. ಹಲಸಿನ ಮರ ಕಡಿಯಲು ಅತ್ತಿಗೆ ಒಪ್ಪಲಿಲ್ಲ. ಬದಲಿಗೆ ಮಿಡಿಗಾಯಿ ಬಿಟ್ಟ ಕೂಡಲೇ ಏಣಿ ಇಟ್ಟು ಎಲ್ಲ ಕುಯ್ಯಿಸಿ ಗುಂಡಿಗೆ ಹಾಕಿಸಿದರು. ಹಬ್ಬಕ್ಕೆ ಹೋಳಿಗೆ ಮಾಡುವುದು ನಿಂತಿತು. ಬೆಲ್ಲ ಕಾಯಿಸಿದರೆ ವಾಸನೆ ಕೆರೆಯ ಆಚೆಗೂ ಹೋಗುತ್ತದೆ ಅಂತ ಅತ್ತಿಗೆ.

ಗಂಡ ಊಟ ಮಾಡುವಾಗ ಕೈ ತಟ್ಟೆಯಲ್ಲೇ ನಿಂತುಬಿಡುತ್ತಿತ್ತು. ತಲೆ ಸ್ವಲ್ಪ ವಾರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ನಾವೂ ನಿಲ್ಲಿಸುತ್ತಿದ್ದೆವು. ತೋಟದಲ್ಲಿ ಒಂದು ಒಣಕೊಂಬೆ ಮುರಿದ ಸದ್ದಾಗಿರುತ್ತಿತ್ತು, ಅಥವಾ ಅದೂ ಇರುತ್ತಿರಲಿಲ್ಲ. ಮತ್ತೆ ತುತ್ತು ಬಾಯಿಗೆ ಹೋಗುತ್ತಿತ್ತು. ಒಂದು ದಿನ ಹಾಗೆ ನಿಂತ ಕೈ ಮತ್ತೆ ಮೇಲೇಳಲೇ ಇಲ್ಲ. ತಟ್ಟೆ ಸರಿಸಿ, "ಮಾರ್ಬುಡಣ," ಅಂದರು.

"ಏನನ್ನ?" ಅಂತ ಕೇಳಿದೆ, ಗೊತ್ತಿದ್ದೂ.

"ಮನೆನ. ತೋಟ ಇರ್ಲಿ. ಹಗಲೊತ್ತು ಬಂದು ಮಾಡ್ಕಂಡು ಹೋಗ್ಬೋದು. ಇಲ್ಲಿ ಮಲಗಕ್ಕಾಗಲ್ಲ ನಂಗೆ."

ಅತ್ತಿಗೆ ಎದ್ದು ಎಂಜಲು ತಟ್ಟೆ ತೆಗೆದರು. "ಕೊಳ್ಳೋರ್ ಬಂದ್ರೆ ನೋಡಣ," ಅಂತ ಅಷ್ಟೇ ಅಂದರು. ಕೊಳ್ಳುವವರು ಬರುವುದಿಲ್ಲ ಅನ್ನುವ ಧೈರ್ಯ ಆ ಮಾತಿನಲ್ಲಿತ್ತು.

ಬ್ರೋಕರ್ ಆಲೂರಿನವರು. ನಗುಮುಖದ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಮನೆಯನ್ನು ಸುತ್ತ ನೋಡಿ ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಕೆರೆಯ ಕಡೆ ತಿರುಗಿ ತೆಗೆದರು, ಬೆಟ್ಟದ ಕಡೆ ತಿರುಗಿ ತೆಗೆದರು. ಬೀಗದ ಮನೆ ಒಂದರಲ್ಲೂ ಬೀಳದ ಹಾಗೆ ನೋಡಿಕೊಂಡರು.

"ಮೇಡಂ, ಪಕ್ಕದ್ ಮನೆಯವ್ರು ಎಲ್ಲಿ ಅಂತ ಕೇಳೇ ಕೇಳ್ತಾರೆ. ಹಾಸನಕ್ಕೆ ಹೋಗವ್ರೆ ಅನ್ನಿ. ಸುಳ್ಳೇನಲ್ವಲ್ಲ?"

"ಗೋಡೆ?" ಅಂದೆ.

"ಹಳೇ ಗೋಡೆ, ಮಳೆಗ್ ಬಿತ್ತು. ಮಳೆಗೆ ಎಷ್ಟು ಗೋಡೆ ಬೀಳಲ್ಲ!"

ಆ ಮಾತು ಹೇಳುವ ಸಂದರ್ಭ ಹೆಚ್ಚು ಬರಲಿಲ್ಲ. ಮೊದಮೊದಲು ಫೋನುಗಳು ಬಂದವು. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ. ಬಾವಿಯಲ್ಲಿ ನೀರಿದೆಯಾ ಅಂತಲ್ಲ, ದಾರಿ ಹೇಗಿದೆ ಅಂತಲ್ಲ. ಆನೆ ಬರುತ್ತದಾ? ನಾನು ತಡವರಿಸುವಷ್ಟರಲ್ಲಿ ಅವರಿಗೆ ಉತ್ತರ ಸಿಕ್ಕಿರುತ್ತಿತ್ತು. ಬೆಲೆ ಇಳಿಸಿದೆವು. ಇನ್ನೂ ಇಳಿಸಿದೆವು. ಇಳಿಸಿದಷ್ಟೂ ಅನುಮಾನ ಹೆಚ್ಚಾಯಿತು ಅಂತ ಬ್ರೋಕರೇ ಹೇಳಿದರು.

ಆಸೆಪಟ್ಟು ಬಂದವನು ಒಬ್ಬನೇ. ಬೆಂಗಳೂರಿನವನು, ಹೋಂಸ್ಟೇ ಮಾಡುವವನು. ಪಕ್ಕದ ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿದು, ಬಿದ್ದ ಗೋಡೆಯ ಮುಂದೆ ನಿಂತು ಫೋನಿನಲ್ಲಿ ತನ್ನದೇ ಫೋಟೋ ತೆಗೆದುಕೊಂಡು ಬಂದ. ಅವನಿಗೆ ಎಲ್ಲ ಗೊತ್ತಿತ್ತು. "ಆನೆ ಬರುತ್ತೆ ಅನ್ನೋದೇ ಇದರ ಬೆಲೆ ಆಂಟಿ," ಅಂದ. "ಮೇಲೆ ಒಂದು ಗಾಜಿನ ರೂಮು ಹಾಕಿದರೆ ಗೆಸ್ಟುಗಳು ಹಾಸಿಗೆಯಿಂದಲೇ ನೋಡಬಹುದು. ಬಾಳೆ ಕಡಿಸಿದ್ದೀರಲ್ಲ, ಅದನ್ನ ಮತ್ತೆ ಹಾಕಿಸ್ತೀನಿ. ಬರಬೇಕಲ್ಲ ಅವು."

ಅತ್ತಿಗೆ ಅವನ ಮುಂದಿಟ್ಟ ಕಾಫಿ ಲೋಟ ತೆಗೆದುಕೊಂಡರು. ಅವನು ಇನ್ನೂ ಕುಡಿದಿರಲಿಲ್ಲ.

"ಎದ್ದೇಳಪ್ಪ. ಸತ್ತೋನ್ ಮನೆ ಮುಂದೆ ನಿಂತ್ಕಂಡು ಹಲ್ ಕಿರಿಯೋ ಜನಕ್ಕೆ ಈ ಮನೆ ಕೊಡಾಕಿಲ್ಲ."

ಬ್ರೋಕರ್ ಆಮೇಲೆ ಒಂದು ತಿಂಗಳು ನಮ್ಮ ಫೋನ್ ಎತ್ತಲಿಲ್ಲ. ಆ ತಿಂಗಳಲ್ಲಿ ಫೋನಿಗೆ ಬರುತ್ತಿದ್ದದ್ದು ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ಮಾತ್ರ. ಇಂಥ ತೋಟದಲ್ಲಿ ಗುಂಪಿದೆ, ಇಂಥ ಕೆರೆಯ ಹತ್ತಿರ ಒಂಟಿ ಸಲಗವಿದೆ, ಸಾರ್ವಜನಿಕರು ಓಡಾಡಬಾರದು. ಶಾಲೆಯಲ್ಲಿ ಪಾಠದ ನಡುವೆ ಆ ಸದ್ದು ಬಂದರೆ ಮಕ್ಕಳೂ ನನ್ನ ಮುಖ ನೋಡುತ್ತಿದ್ದರು. ನಮ್ಮ ಕೆರೆಯ ಹೆಸರು ಬಂದ ದಿನ ಸ್ಕೂಟರನ್ನು ಟಾರು ರಸ್ತೆಯಲ್ಲೇ ನಿಲ್ಲಿಸಿ, ಜೀಪಿನವರು ಯಾರಾದರೂ ಆ ಕಡೆ ಹೋಗುತ್ತಾರಾ ಅಂತ ಕಾಯುತ್ತಿದ್ದೆ.

ಆಮೇಲೆ, ಮುಂಗಾರು ಹಿಡಿಯುವ ಮೊದಲು, ಅರಸೀಕೆರೆ ಕಡೆಯವರೊಬ್ಬರು ಬರುತ್ತಾರೆ ಅಂತ ಬ್ರೋಕರ್ ತಾವೇ ಫೋನ್ ಮಾಡಿದರು. ಮಿಲಿಟರಿಯಿಂದ ನಿವೃತ್ತರಾದವರು, ಒಳ್ಳೆಯ ಜನ, ಮನೆ ಬೇಕೇ ಬೇಕು ಅಂತಿದ್ದಾರೆ, ದಯವಿಟ್ಟು ಅಮ್ಮನಿಗೆ ಸ್ವಲ್ಪ ಸುಮ್ಮನಿರಲು ಹೇಳಿ ಅಂದರು. ಅಮ್ಮ ಅಂದರೆ ನಮ್ಮ ಅತ್ತಿಗೆ.

ಭಾನುವಾರ ಬೆಳಿಗ್ಗೆ ಬಂದರು. ಮಿಲಿಟರಿಯವರು, ಅವರ ಹೆಂಡತಿ, ಮುದುಕಿ ತಾಯಿ, ಜೊತೆಗೆ ಬ್ರೋಕರ್. ಕಾರು ಬೀಗದ ಮನೆಯ ಹತ್ತಿರ ನಿಲ್ಲದೇ ನೇರ ಬಂತು. ನಮ್ಮ ಅಂಗಳಕ್ಕೆ ಏರು ಜಾಸ್ತಿ, ಹಾಗಾಗಿ ಕೆಳಗೆ ಗೇಟಿನ ಪಕ್ಕದಲ್ಲೇ ನಿಲ್ಲಿಸಿ ನಡೆದು ಬಂದರು. ಆ ಅಜ್ಜಿ ಮನೆ ನೋಡಲಿಲ್ಲ. ಸೀದಾ ಹಿತ್ತಲಿನ ನೀರಿನ ತೊಟ್ಟಿಗೆ ಹೋಗಿ, ತುಂಬಿದ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿ ನಿಂತರು.

"ನಮ್ಮೂರಾಗೆ ಬಾವಿ ತೋಡಿದ್ರೆ ಕಲ್ಲೇ ಕಣವ್ವ ಬರಾದು," ಅಂದರು ಅತ್ತಿಗೆಗೆ. "ಇದು ಬ್ಯಾಸಗೇಲೂ ಹಿಂಗೇ ಇರ್ತದಾ?"

"ಇರ್ತದೆ," ಅಂದರು ಅತ್ತಿಗೆ. ಅವರ ಮುಖ ಸಡಿಲವಾದದ್ದನ್ನು ಬಹಳ ದಿನದ ಮೇಲೆ ನೋಡಿದೆ. ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ ಕಿಟಕಿ, ಒಲೆ, ಅಟ್ಟ ಎಲ್ಲ ತೋರಿಸಿದರು.

ಅಜ್ಜಿಯ ಸೊಸೆ ಮಾತ್ರ ಹಿತ್ತಲಲ್ಲೇ ನಿಂತು ಸುತ್ತ ನೋಡುತ್ತಿದ್ದರು. ನಿಧಾನದ ಹೆಂಗಸು. "ಇಷ್ಟು ನೀರಿದ್ರೂ ಒಂದು ಬಾಳೆಗಿಡ ಇಲ್ವಲ್ಲ ಮೇಡಂ?" ಅಂತ ನನ್ನನ್ನು ಕೇಳಿದರು. ಮೇಲೆ ನೋಡಿ, "ಈ ಕಾಲದಲ್ಲಿ ಹಲಸಿನ ಮರ ಬರಿದಾಗಿದೆ," ಅಂದರು. ಇದು ಪ್ರಶ್ನೆಯಾಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಬ್ರೋಕರ್, "ಇವ್ರಿಗೆ ಟೈಮ್ ಎಲ್ಲಿ ಮೇಡಂ, ಸ್ಕೂಲು, ತೋಟ..." ಅಂತ ನಕ್ಕರು.

ಜಗಲಿಯಲ್ಲಿ ಕಾಫಿ ಕುಡಿಯುವಾಗ ಅಜ್ಜಿಗೆ ಏನೋ ನೆನಪಾಯಿತು. "ಅಯ್ಯೋ, ಬರಿಗೈಲಿ ಬಂದಂಗಾಯ್ತು ನೋಡು! ಕಾರಲ್ಲೇ ಬಿಟ್ ಬಂದ್ವಲ್ಲೋ. ಬಾಳೆಗೊನೆ, ಕಾಯಿ, ಒಂದ್ ಅಚ್ಚು ಬೆಲ್ಲ. ಹೊಸ ಮನೆ ನೋಡಾಕ್ ಬರೋವಾಗ ಬರಿಗೈಲಿ ಬರ್ತಾರಾ? ಹೋಗಿ ತಗಂಬಾ."

ಮಿಲಿಟರಿಯವರು ಏಳಲು ಹೊರಟರು. ನನ್ನ ಗಂಡನ ಕೈ ಅವರ ತೊಡೆಯ ಮೇಲೆ ಬಿತ್ತು. ಗಂಡ ತಲೆ ವಾರೆ ಮಾಡಿ ಕೂತಿದ್ದರು.

"ಒಳಗ್ ನಡೀರಿ," ಅಂದರು. "ಎಲ್ರೂ. ಮಾತಾಡ್ಬ್ಯಾಡಿ."

ಹೊರಗೆ ಚೆನ್ನಾಗಿ ಬಿಸಿಲಿತ್ತು. ಏನೂ ಕಾಣುತ್ತಿರಲಿಲ್ಲ. ಆದರೆ ಆ ದನಿಗೆ ಎಲ್ಲರೂ ಎದ್ದರು. ಬಾಗಿಲಿಗೆ ಅಗುಳಿ ಹಾಕಿ, ಒಲೆ ಆರಿಸಿ, ನಡುಮನೆಯಲ್ಲಿ ನಿಂತೆವು. ಆಮೇಲೆ ನಮಗೂ ಕೇಳಿಸಿತು. ಕೆಳಗೆ ಕಾಫಿ ಗಿಡಗಳು ಒಂದರ ಹಿಂದೆ ಒಂದು ಮುರಿಯುತ್ತಿದ್ದವು. ಅವಸರವೇನೂ ಇರಲಿಲ್ಲ ಆ ಸದ್ದಿನಲ್ಲಿ.

ಕಿಟಕಿಯ ಸಂದಿಯಿಂದ ನೋಡಿದಾಗ ಅದು ಕಾರಿನ ಪಕ್ಕದಲ್ಲಿತ್ತು. ಒಂಟಿಯೇ. ಒಂದು ದಂತ ಮೊಂಡಾಗಿತ್ತು. ಸೊಂಡಿಲಿನಿಂದ ಕಾರಿನ ಮೇಲೆಲ್ಲ ಸವರಿ ನೋಡಿ, ಹಿಂದಿನ ಗಾಜಿಗೆ ಹಣೆ ಕೊಟ್ಟಿತು, ಅಷ್ಟೇ. ಗಾಜು ಒಡೆದ ಸದ್ದಿಗೆ ಸೊಸೆ ಬಾಯಿಗೆ ಸೆರಗು ತುರುಕಿಕೊಂಡರು. ಅದು ಗೊನೆಯನ್ನು ಹೊರಗೆಳೆದು ದಾರಿಯ ಮೇಲೆ ಇಟ್ಟುಕೊಂಡು ತಿನ್ನತೊಡಗಿತು.

"ಒಂದೇ ಇದೆ," ಅಂತ ಪಿಸುಗುಟ್ಟಿದರು ಮಿಲಿಟರಿಯವರು. ಮೂಲೆಯಲ್ಲಿದ್ದ ಬಿದಿರಿನ ಗಳು ತೆಗೆದುಕೊಂಡರು. "ಹೊಸ ಕಾರು ರೀ. ಬಾಗಿಲು ತೆಗೀರಿ, ದೂರದಿಂದ ಕೂಗಿ ಓಡಿಸ್ತೀನಿ."

ಗಂಡ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಬ್ಯಾಡಿ ಸಾರ್. ಅವ್ನೂ ಹಿಂಗೇ ಅಂದ್ಕಂಡಿದ್ದ."

"ಯಾರು?"

"ಪಕ್ಕದ್ ಮನೆಯವ್ನು. ಇದೇ ಮೊಂಡು ದಂತದ ಆನೆ. ಇದೇ ದಾರಿ. ಅವ್ನೂ ಕೂಗಿ ಓಡಿಸ್ತೀನಿ ಅಂತಲೇ ನಿಂತ್ಕಂಡಿದ್ದು. ನಾನು ಹೋಗೋ ಹೊತ್ಗೆ..." ಅಷ್ಟಕ್ಕೇ ನಿಂತರು. ಮುಂದೆ ಹೇಳುತ್ತಾರೇನೋ ಅಂತ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮಿಲಿಟರಿಯವರು ಗಳುವನ್ನು ಸದ್ದಾಗದ ಹಾಗೆ ಗೋಡೆಗೆ ಒರಗಿಸಿದರು. ಬ್ರೋಕರ್ ನೆಲ ನೋಡುತ್ತಿದ್ದರು. ಅವರ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಾನು ಅರಣ್ಯ ಇಲಾಖೆಯವರಿಗೆ ಸಂದೇಶ ಕಳಿಸಿದೆ. ಅವರ ತಂಡ ಬೇರೆ ಗುಂಪಿನ ಹಿಂದೆ ಸಕಲೇಶಪುರದ ಕಡೆ ಹೋಗಿತ್ತು. ಹೊರಗೆ ಬರಬೇಡಿ, ಬರುತ್ತೇವೆ ಅಂತ ಉತ್ತರ ಬಂತು. ಮಧ್ಯಾಹ್ನ ಕಳೆಯಿತು. ಒಲೆ ಹಚ್ಚುವ ಹಾಗಿರಲಿಲ್ಲ. ಬೆಳಗಿನ ರೊಟ್ಟಿ ಉಳಿದಿತ್ತು. ಅದನ್ನೇ ಮುರಿದು ಅತ್ತಿಗೆ ಎಲ್ಲರ ಕೈಗೂ ಇಟ್ಟರು. ಆನೆ ಕಾರನ್ನು ಬಿಟ್ಟು ಮೇಲೆ ಬಂದಿತ್ತು. ಕಾಣುತ್ತಿರಲಿಲ್ಲ, ಆದರೆ ಗೋಡೆಯ ಆಚೆ ಅದರ ಹೊಟ್ಟೆಯ ಗುಡುಗುಡು ಕೇಳುತ್ತಿತ್ತು. ಅಡುಗೆಮನೆಯ ಹಿಂಗೋಡೆಗೆ ಏನೋ ಉಜ್ಜಿದಂತೆ ಆಯಿತು. ಮೇಲಿನ ಹಲಗೆಯಲ್ಲಿದ್ದ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಅಂದವು. ಅತ್ತಿಗೆ ಹೋಗಿ ಎರಡೂ ಕೈಯಿಂದ ಆ ಲೋಟಗಳನ್ನು ಅದುಮಿ ಹಿಡಿದು ನಿಂತರು. ಸದ್ದು ನಿಂತ ಮೇಲೂ ಕೈ ತೆಗೆಯಲಿಲ್ಲ. ಗೆಳೆಯ ಸತ್ತಾಗಲೂ ನಮ್ಮನ್ನೆಲ್ಲ ಹಿಡಿದು ನಿಲ್ಲಿಸಿದ ಹೆಂಗಸು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜಿ ಎದ್ದು ಹೋಗಿ ಅತ್ತಿಗೆಯ ಪಕ್ಕ ನಿಂತು, ಅವರ ಕೈಗಳ ಮೇಲೆ ತಮ್ಮ ಕೈ ಇಟ್ಟರು. ಇಬ್ಬರೂ ಹಾಗೇ ನಿಂತಿದ್ದರು.

ಸಂಜೆ ಹೊತ್ತಿಗೆ ಜೀಪಿನ ಸದ್ದು ಬಂತು, ಪಟಾಕಿ ಸದ್ದು ಬಂತು. ಆನೆ ಗದ್ದೆಗೆ ಇಳಿದು, ಕೆರೆಯ ಕೋಡಿ ದಾಟಿ ಆಚೆ ತೋಟಕ್ಕೆ ಹೋಯಿತು ಅಂದರು. ಕಾರಿನ ಹಿಂದಿನ ಬಾಗಿಲು ಒಳಕ್ಕೆ ಮಡಚಿಹೋಗಿತ್ತು. ಇಲಾಖೆಯ ಹುಡುಗರು ಬಂದವರನ್ನೆಲ್ಲ ತಮ್ಮ ಜೀಪಿನಲ್ಲೇ ಆಲೂರಿಗೆ ಬಿಡುತ್ತೇವೆ ಅಂದರು.

ಮಿಲಿಟರಿಯವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಗಂಡನ ಕೈ ಹಿಡಿದು, "ನನ್ನನ್ನ ತಡೆದಿರಲ್ಲ," ಅಂದರು. ಬ್ರೋಕರ್ ಯಾರಿಗೂ ಹೇಳದೆ ಮೊದಲೇ ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಅಜ್ಜಿ ಮಾತ್ರ ಜೀಪು ಹತ್ತಲು ಒಪ್ಪಲಿಲ್ಲ. ಅತ್ತಿಗೆಯ ಮುಂಗೈ ಬಿಟ್ಟಿರಲಿಲ್ಲ.

"ನೀನೂ ಹತ್ತವ್ವ."

"ಎಲ್ಲಿಗ್ ಬರ್ಲಿ ಅಜ್ಜಿ, ನಮ್ ಮನೆ ಇಲ್ಲೈತಲ್ಲ."

"ಮನೆ ಎಲ್ ಹೋಯ್ತದೆ? ನಾವ್ ಕೊಂಡ್ಕಳಾಕಿಲ್ಲ, ಸುಳ್ ಯಾಕ್ ಹೇಳ್ಲಿ. ಯಾರೂ ಕೊಂಡ್ಕಳಾಕಿಲ್ಲ ಇದ್ನ. ಕೊಂಡ್ಕಳೋರು ಬರ್ಲಿ ಅಂತ ಕಾಯ್ಕಂಡು ಇಲ್ಲಿ ಸಾಯ್ತೀಯಾ?"

ಅತ್ತಿಗೆ ಅಜ್ಜಿಯನ್ನು ಕೈಹಿಡಿದು ಜೀಪು ಹತ್ತಿಸಿದರು. ಜೀಪು ಹೋದ ಮೇಲೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಬಂದು, ದೇವರ ಮುಂದಿನ ದೀಪ ಹಚ್ಚಿದರು. ಆಮೇಲೆ ಹಲಗೆಯ ಮೇಲಿನ ಲೋಟಗಳನ್ನು ಒಂದೊಂದಾಗಿ ಇಳಿಸಿ ಹಳೆಯ ಸೀರೆಯಲ್ಲಿ ಸುತ್ತತೊಡಗಿದರು. ನಾನು ನೋಡುತ್ತ ನಿಂತಿದ್ದೆ. "ನೀನೂ ಏನಾರ ಕಟ್ಟು," ಅಂದರು, ನನ್ನ ಕಡೆ ತಿರುಗದೆ.

ಅಷ್ಟು ತಿಂಗಳು ನಮಗೆ ಹೊಳೆಯದೇ ಹೋದದ್ದು ಇದು. ಮನೆ ಮಾರಿದ ಮೇಲೆ ಹೋಗುವುದು ಅಂತ ಒಂದು ಮಾತು ನಮ್ಮ ನಡುವೆ ಬಂದುಬಿಟ್ಟಿತ್ತು. ಅದನ್ನೇ ಹಿಡಿದುಕೊಂಡು, ಪ್ರತಿ ಕಾರಿನ ಸದ್ದಿಗೂ ಹಾಲು ಕಾಯಿಸುತ್ತ ಕೂತಿದ್ದೆವು. ಮಾರದೆಯೂ ಹೋಗಬಹುದು ಅಂತ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ಆಲೂರಿನಲ್ಲಿ, ನನ್ನ ಶಾಲೆಯ ಹಿಂದಿನ ಬೀದಿಯಲ್ಲಿ, ಬಾಡಿಗೆಗಿದ್ದೇವೆ. ಎರಡು ಕೋಣೆ. ಅತ್ತಿಗೆಗೆ ಕಿಟಕಿಗಳು ಇಷ್ಟವಿಲ್ಲ. ಆದರೆ ಹಿಂದಿನ ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿದೆ, ಅದಕ್ಕೆ ನಿದ್ದೆ ಬರುತ್ತದೆ ಅಂತಾರೆ. ಮನೆ ಇನ್ನೂ ಮಾರಾಟವಾಗಿಲ್ಲ. ಬ್ರೋಕರ್ ಹಾಕಿದ್ದ ಫೋಟೋಗಳು ಎಲ್ಲೋ ಉಳಿದುಕೊಂಡಿವೆ. ಅಪರೂಪಕ್ಕೆ ಯಾರಾದರೂ ಫೋನ್ ಮಾಡುತ್ತಾರೆ. ಈಗ ಅವರು ಕೇಳುವ ಮೊದಲೇ ಎಲ್ಲ ಹೇಳುತ್ತೇನೆ. ಥ್ಯಾಂಕ್ಸ್ ಮೇಡಂ ಅಂತ ಇಟ್ಟುಬಿಡುತ್ತಾರೆ.

ಹೋದ ತಿಂಗಳು ಹಾಸನದಿಂದ ಒಂದು ಫೋನ್ ಬಂತು. ಬೀಗದ ಮನೆಯ ಹೆಣ್ಣುಮಗಳು. ಮಕ್ಕಳು ಚೆನ್ನಾಗಿ ಓದುತ್ತಿದ್ದಾರೆ ಅಂದರು, ಅಣ್ಣಂದಿರ ಮನೆಯಲ್ಲಿ ಎಷ್ಟು ದಿನ ಅಂತ ಇರುವುದು ಅಂದರು. ಆಮೇಲೆ, "ಅಕ್ಕ, ನಿಮ್ ಮನೆ ನೋಡಾಕ್ ಯಾರಾರ ಬಂದ್ರೆ, ನಮ್ದೂ ಕೊಡಾಕೈತೆ ಅಂತ ಒಂದ್ ಮಾತು ಹೇಳಿ," ಅಂದರು. ಗೋಡೆ ಬಿದ್ದದ್ದು ಅವರಿಗೆ ಗೊತ್ತಿತ್ತು. ಅದಾದ ಮೇಲೆ ಹೆಂಚಿನ ಮಾಡೂ ಕೂತುಹೋಗಿದೆ ಅನ್ನುವುದು ಗೊತ್ತಿರಲಿಲ್ಲ. ಹೇಳುತ್ತೇನೆ ಅಂದೆ.

ತೋಟ ಬಿಡಲಾಗುವುದಿಲ್ಲ, ನಮ್ಮ ಊಟ ಅಲ್ಲೇ ಇರುವುದು. ಗಂಡ ಬಿಸಿಲು ಏರಿದ ಮೇಲೆ ಬೈಕಿನಲ್ಲಿ ಹೋಗುತ್ತಾರೆ, ಬಿಸಿಲು ಇಳಿಯುವ ಮೊದಲು ಬರುತ್ತಾರೆ. ಅಲ್ಲಿ ಸಿಗ್ನಲ್ ಸಿಗುವುದು ಮೇಲೆ ಮನೆಯ ಹತ್ತಿರ, ಬಿಟ್ಟರೆ ಕೆರೆ ಏರಿಯ ಮೇಲೆ ಮಾತ್ರ. ತೋಟಕ್ಕೆ ಇಳಿದರೆ ಫೋನ್ ಹೋಗುವುದಿಲ್ಲ. ಎಚ್ಚರಿಕೆಯ ಸಂದೇಶಗಳು ನನ್ನ ಫೋನಿಗೆ ಬರುತ್ತವೆ, ಅವರ ಫೋನಿಗೆ ಅವರು ಏರಿಗೆ ಹತ್ತಿದ ಮೇಲೆ ಬರುತ್ತವೆ. ನಿನ್ನೆ ಕೊನೆಯ ಪೀರಿಯಡ್ಡಿನಲ್ಲಿ ಮತ್ತೆ ನಮ್ಮ ಕೆರೆಯ ಹೆಸರು ಬಂತು. ಮನೆಗೆ ಬಂದಾಗ ಅತ್ತಿಗೆ ಬಾಗಿಲ ಮೆಟ್ಟಿಲ ಮೇಲೆ ಬೀದಿ ನೋಡುತ್ತ ಕೂತಿದ್ದರು. ನಾನು ಚೀಲ ಇಟ್ಟು ಪಕ್ಕದಲ್ಲಿ ಕೂತೆ. ಬೈಕುಗಳು ಬಂದವು, ಹೋದವು. ಬೀದಿ ದೀಪ ಹತ್ತುವ ಹೊತ್ತಿಗೆ ತಿರುವಿನಲ್ಲಿ ಗಂಡನ ಬೈಕು ಕಂಡಿತು. ಅತ್ತಿಗೆ ಎದ್ದು, ಸೆರಗು ಕೊಡವಿ, ಕಾಫಿಗೆ ನೀರಿಡಲು ಒಳಗೆ ಹೋದರು.